ಪ್ಲಸೀಬೊ ಕೊಡುವುದು ಮೋಸವೇ? ವೈದ್ಯಕೀಯ ಪ್ರಯೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ವೈದ್ಯರು ಕೇಳಿದಾಗ ಹೆಚ್ಚಿನವರ ಬಾಯಿಂದ ಬರುವ ಮೊದಲ ಮಾತು ಒಂದೇ: "ನನಗೆ ಸಿಗುವುದು ನಿಜವಾದ ಔಷಧವೋ, ಸಕ್ಕರೆ ಗುಳಿಗೆಯೋ?" ನಾನು ವೈದ್ಯೆಯಲ್ಲ. ಇಂಥ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯೊಂದರಲ್ಲಿ ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯೆ. ಮೇಜಿನ ಸುತ್ತ ಕುಳಿತ ತಜ್ಞರು ಪ್ರಯೋಗದ ವಿನ್ಯಾಸ ಸರಿಯಿದೆಯೇ ಎಂದು ನೋಡುತ್ತಾರೆ. ಮಾತ್ರೆ ನುಂಗುವವರ ಕಡೆಯಿಂದ ನೋಡುವುದು ನನ್ನ ಪಾಲಿನ ಕೆಲಸ. ಆ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡ ಪ್ರಶ್ನೆಗಳು, ನಾನೇ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಪ್ಲಸೀಬೊ ಎಂದರೆ ಏನು?

ನೋಡಲು, ಮುಟ್ಟಲು, ನಾಲಿಗೆಗೆ ಔಷಧದಂತೆಯೇ ಇದ್ದು, ಒಳಗೆ ಔಷಧದ ಅಂಶವೇ ಇಲ್ಲದ ಮಾತ್ರೆ, ಚುಚ್ಚುಮದ್ದು ಅಥವಾ ಮುಲಾಮು. ಮಾತ್ರೆಯಾದರೆ ಸಾಮಾನ್ಯವಾಗಿ ಲ್ಯಾಕ್ಟೋಸ್, ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ. ಚುಚ್ಚುಮದ್ದಾದರೆ ಉಪ್ಪುನೀರಿನ ದ್ರಾವಣ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ "ನಾನು ಸಂತೋಷಪಡಿಸುತ್ತೇನೆ" ಎಂಬ ಅರ್ಥವಿದೆ.

ತಯಾರಿಸುವುದು ಹೊರಗಿನವರು ಎಣಿಸುವಷ್ಟು ಸುಲಭವಲ್ಲ. ನಿಜವಾದ ಮಾತ್ರೆ ಕಹಿಯಾಗಿದ್ದರೆ ಇದೂ ಕಹಿಯಾಗಿರಬೇಕು. ಬಣ್ಣ, ತೂಕ, ಅಂಚಿನ ಗೀರು ಎಲ್ಲವೂ ತಾಳೆಯಾಗಬೇಕು. ಒಂದು ಮಾತ್ರೆ, ಇನ್ನೊಂದು ಚುಚ್ಚುಮದ್ದು ಎಂಬಂತಹ ಎರಡು ಚಿಕಿತ್ಸೆಗಳನ್ನು ಹೋಲಿಸುವಾಗ ಪ್ರತಿಯೊಬ್ಬರಿಗೂ ಎರಡನ್ನೂ ಕೊಡುತ್ತಾರೆ. ಅವುಗಳಲ್ಲಿ ಒಂದು ಹುಸಿ. ಕೆಲವು ಪ್ರಯೋಗಗಳಲ್ಲಿ ಬಾಯಿ ಒಣಗಿಸುವಂಥ ಸಣ್ಣ ಪರಿಣಾಮವಿರುವ ವಸ್ತುವನ್ನು ಬೇಕೆಂದೇ ಸೇರಿಸಿದ್ದುಂಟು. ಬಾಯಿ ಒಣಗಲಿಲ್ಲ, ಹಾಗಾದರೆ ನನಗೆ ಸಿಕ್ಕಿದ್ದು ಹುಸಿಮಾತ್ರೆ ಎಂದು ಯಾರೂ ಊಹಿಸಬಾರದಲ್ಲ!

ಇದೆಲ್ಲ ಏಕೆ ಬೇಕು? ಔಷಧ ಕೊಟ್ಟು ನೋಡಿದರೆ ಗುಣವಾಯಿತೋ ಇಲ್ಲವೋ ತಿಳಿಯುವುದಿಲ್ಲವೇ?

ತಿಳಿಯುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದು ವೈದ್ಯಕೀಯದಲ್ಲಿ ದಿನನಿತ್ಯದ ಸಂಗತಿ. ಎಷ್ಟೋ ಕಾಯಿಲೆಗಳು ತಾವಾಗಿಯೇ ಇಳಿಯುತ್ತವೆ. ನೋವು ಹೆಚ್ಚಾದ ದಿನವೇ ಜನ ವೈದ್ಯರ ಬಳಿಗೆ ಹೋಗುವುದು. ಮರುವಾರ ಅದು ಕಡಿಮೆಯಾದರೆ ಔಷಧದ ಲೆಕ್ಕಕ್ಕೆ ಬರೆಯುತ್ತೇವೆ. ಇದರ ಮೇಲೆ ಆರೈಕೆ ಸಿಗುತ್ತಿದೆ ಎಂಬ ನೆಮ್ಮದಿಯೂ ಕೆಲಸ ಮಾಡುತ್ತದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ನನಗೆ ತಿಳಿದ ಅತ್ಯಂತ ನೋವಿನ ಉದಾಹರಣೆ ಅಮೆರಿಕದ್ದು. ಹೃದಯಾಘಾತದಿಂದ ಬದುಕುಳಿದವರಲ್ಲಿ ಕೆಲವರ ಎದೆಬಡಿತ ನಡುನಡುವೆ ತಾಳ ತಪ್ಪುತ್ತದೆ. ಹಾಗೆ ತಪ್ಪುವವರು ಸಾಯುವ ಸಂಭವ ಹೆಚ್ಚು ಎಂಬುದು ತಿಳಿದಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ತಪ್ಪುಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಆದ್ದರಿಂದ ಅವು ಜೀವ ಉಳಿಸುತ್ತವೆ ಎಂದು ವೈದ್ಯರು ನಂಬಿದರು, ಧಾರಾಳವಾಗಿ ಬರೆದುಕೊಟ್ಟರು. ಇಂಥ ಒಳ್ಳೆಯ ಔಷಧ ಇರುವಾಗ ಅರ್ಧ ಜನಕ್ಕೆ ಹುಸಿಮಾತ್ರೆ ಕೊಡುವುದು ಅನ್ಯಾಯ ಎಂದು ವಾದಿಸಿದವರೂ ಇದ್ದರು. ಕೊನೆಗೆ ಪ್ರಯೋಗ ನಡೆಯಿತು. ಸರಾಸರಿ ಹತ್ತು ತಿಂಗಳಲ್ಲಿ ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತರು; ಪ್ಲಸೀಬೊ ಪಡೆದ 743 ಜನರಲ್ಲಿ ಸತ್ತವರು 26. ಈ ಎರಡು ಔಷಧಗಳ ಭಾಗವನ್ನು 1989ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಡಿತ ಸರಿಯಾಗಿತ್ತು, ಜೀವ ಹೋಗಿತ್ತು. ಪ್ಲಸೀಬೊ ಗುಂಪು ಇಲ್ಲದಿದ್ದರೆ ಆ ಸಾವುಗಳೆಲ್ಲ ಹೃದಯರೋಗದ ಲೆಕ್ಕಕ್ಕೇ ಸೇರುತ್ತಿದ್ದವು.

ಪ್ಲಸೀಬೊ ಬೇಡವೇ ಬೇಡ ಎನ್ನುವವರಿಗೆ ನಾನು ಈ ಎರಡು ಸಂಖ್ಯೆಗಳನ್ನು ತೋರಿಸುತ್ತೇನೆ.

ಪ್ಲಸೀಬೊದಿಂದಲೇ ಕಾಯಿಲೆ ವಾಸಿಯಾಗುತ್ತದಂತೆ, ನಿಜವೇ?

ಅರ್ಧ ನಿಜ. ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ತಜ್ಞ 1955ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಪ್ಲಸೀಬೊದಿಂದ ತೃಪ್ತಿಕರ ಉಪಶಮನ ಸಿಗುತ್ತದೆ ಎಂದು ಬರೆದರು. ಆ ಮಾತು ಇಂದಿಗೂ ಚಲಾವಣೆಯಲ್ಲಿದೆ. ಆದರೆ ತಾನಾಗಿಯೇ ಇಳಿದ ಕಾಯಿಲೆಯನ್ನು ಅವರು ಪ್ರತ್ಯೇಕಿಸಿರಲಿಲ್ಲ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಪ್ಲಸೀಬೊ ಪಡೆದವರನ್ನು ಏನೂ ಪಡೆಯದವರ ಜೊತೆ ಹೋಲಿಸಿದ ಪ್ರಯೋಗಗಳನ್ನೆಲ್ಲ ಕಲೆಹಾಕಿದಾಗ ನೋವಿನಂತಹ, ರೋಗಿಯೇ ಹೇಳಬೇಕಾದ ತೊಂದರೆಗಳಲ್ಲಿ ಸಣ್ಣ ಪ್ರಯೋಜನ ಕಂಡಿತು, ಉಳಿದ ಕಡೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಗೆಡ್ಡೆ ಕರಗುವುದಿಲ್ಲ, ಸೋಂಕು ಹೋಗುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. "ಪ್ಲಸೀಬೊ ಸಿಕ್ಕವರಿಗೂ ಪ್ರಯೋಜನವಿದೆ, ಚಿಂತೆ ಬೇಡ" ಎಂದು ಸಮಾಧಾನ ಹೇಳುವ ಅರ್ಜಿಗಳು ಸಮಿತಿಯ ಮುಂದೆ ಬರುತ್ತವೆ. ಆ ಸಮಾಧಾನದಿಂದ ಚಿಕಿತ್ಸೆ ತಪ್ಪಿಸಿದ ಹೊಣೆ ಕಳೆಯುವುದಿಲ್ಲ.

ಗೊತ್ತಿದ್ದೂ ಕಾಯಿಲೆಯವರಿಗೆ ಹುಸಿಮಾತ್ರೆ ಕೊಡುವುದು ಮೋಸವಲ್ಲವೇ?

ಹೇಳದೆ ಕೊಟ್ಟರೆ ಮೋಸ. ಹೇಳಿ, ಅರ್ಥಮಾಡಿಸಿ, ಒಪ್ಪಿಗೆ ಪಡೆದು ಕೊಟ್ಟರೆ ಮೋಸವಲ್ಲ. ನಿಮಗೆ ಇಂಥದ್ದೇ ಸಿಕ್ಕಿದೆ ಎಂದು ಹೇಳದಿರುವುದು ಬೇರೆ. ಹುಸಿಮಾತ್ರೆ ಸಿಗುವ ಸಂಭವವಿದೆ ಎಂಬುದನ್ನೇ ಮುಚ್ಚಿಡುವುದು ಬೇರೆ. ಮೊದಲನೆಯದಕ್ಕೆ ನೀವೇ ತಿಳಿದು ಒಪ್ಪಿರುತ್ತೀರಿ.

ಆದರೆ ಒಪ್ಪಿಗೆಯೊಂದೇ ಸಾಲದು. ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮಾತು ಒಂದಿದ್ದರೆ ಅದು ಇದೇ: ಪ್ಲಸೀಬೊ ಕೊಡುವುದರಲ್ಲಿ ತಪ್ಪಿಲ್ಲ, ಅದನ್ನು ಕೊಡುವ ನೆಪದಲ್ಲಿ ಏನನ್ನು ಕಿತ್ತುಕೊಳ್ಳುತ್ತೀರಿ ಎಂಬುದರಲ್ಲಿ ತಪ್ಪು ಇರಬಹುದು. ಆದ್ದರಿಂದ ಪ್ರತಿ ಅರ್ಜಿಯ ಮುಂದೆಯೂ ನಾನು ಕೇಳುವುದು "ಪ್ಲಸೀಬೊ ಗುಂಪಿಗೆ ಬಿದ್ದವರು ಏನನ್ನು ಕಳೆದುಕೊಳ್ಳುತ್ತಾರೆ?" ಎಂದು. ಏನೂ ಇಲ್ಲ, ಕೆಲವು ದಿನದ ತುರಿಕೆ, ಒಂದು ಕಣ್ಣು, ಒಂದು ಜೀವ: ಉತ್ತರ ಇವುಗಳಲ್ಲಿ ಯಾವುದೂ ಆಗಿರಬಹುದು. ಕಳೆದುಕೊಳ್ಳುವುದು ಕಣ್ಣೋ ಜೀವವೋ ಆಗಿದ್ದರೆ ರೋಗಿ ನೂರು ಸಹಿ ಹಾಕಿದರೂ ಆ ಪ್ರಯೋಗ ನಡೆಯಬಾರದು.

ನನಗೆ ಯಾವುದು ಸಿಗಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆಯೇ?

ಇಲ್ಲ. ಚೀಟಿ ಎತ್ತಿದಂತೆ ಕಂಪ್ಯೂಟರ್ ಹಂಚುತ್ತದೆ. ಹೆಚ್ಚಿನ ಪ್ರಯೋಗಗಳಲ್ಲಿ ನಿಮಗೂ ನಿಮ್ಮನ್ನು ನೋಡುವ ವೈದ್ಯರಿಗೂ ಅದು ತಿಳಿಯುವುದಿಲ್ಲ; ಇದನ್ನೇ ಡಬಲ್ ಬ್ಲೈಂಡ್ ಎನ್ನುವುದು. ವೈದ್ಯರು ತಮಗೆ ಬೇಕಾದವರಿಗೆ ಔಷಧವನ್ನು, ಬೇಡದವರಿಗೆ ಹುಸಿಯನ್ನು ಕೊಡುವಂತಿದ್ದರೆ ಫಲಿತಾಂಶವೂ ಕೆಡುತ್ತದೆ, ನ್ಯಾಯವೂ ಕೆಡುತ್ತದೆ.

ಇಲ್ಲೊಂದು ಷರತ್ತು ಇದೆ. ಯಾವುದು ಮೇಲು ಎಂಬುದು ವೈದ್ಯಲೋಕಕ್ಕೆ ಪ್ರಾಮಾಣಿಕವಾಗಿ ಗೊತ್ತಿಲ್ಲದಿದ್ದಾಗ ಮಾತ್ರ ಹೀಗೆ ಚೀಟಿ ಎತ್ತಬಹುದು. ವೈದ್ಯಕೀಯ ನೀತಿಶಾಸ್ತ್ರದ ಚಿಂತಕ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ಇದನ್ನು ಸ್ಪಷ್ಟಗೊಳಿಸಿದರು: ಒಬ್ಬ ವೈದ್ಯರಿಗೆ ತಮ್ಮದೇ ಒಲವು ಇರಬಹುದು, ಆದರೆ ತಜ್ಞರ ಸಮುದಾಯದಲ್ಲಿ ಒಮ್ಮತ ಇನ್ನೂ ಮೂಡಿಲ್ಲದಿದ್ದರೆ ಪ್ರಯೋಗ ನ್ಯಾಯಸಮ್ಮತ.

ಹಾಗಾದರೆ ಪ್ಲಸೀಬೊ ಯಾವಾಗ ಕೊಡಬಹುದು, ಯಾವಾಗ ಕೊಡಬಾರದು?

ಜಗತ್ತಿನಾದ್ಯಂತ ಈ ಚರ್ಚೆಗೆ ಆಧಾರವಾಗಿರುವುದು ಹೆಲ್ಸಿಂಕಿ ಘೋಷಣೆ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಇದನ್ನು ಅಂಗೀಕರಿಸಿತು. ಆಮೇಲೆ ಹಲವು ಬಾರಿ ತಿದ್ದಿದೆ, ಕೊನೆಯದಾಗಿ 2024ರಲ್ಲಿ. ಪ್ಲಸೀಬೊ ಬಗ್ಗೆ ನಿಜವಾದ ಜಗಳ ನಡೆದದ್ದು 2000ದ ತಿದ್ದುಪಡಿಯ ಸುತ್ತ. ಹೊಸ ಚಿಕಿತ್ಸೆಯನ್ನು ಈಗಿರುವ ಅತ್ಯುತ್ತಮ ಚಿಕಿತ್ಸೆಯ ಜೊತೆಗೇ ಹೋಲಿಸಬೇಕು, ರುಜುವಾತಾದ ಚಿಕಿತ್ಸೆ ಇಲ್ಲದಿದ್ದಾಗ ಪ್ಲಸೀಬೊ ಸರಿ ಎಂದು ಅದು ಹೇಳಿತು. ಔಷಧ ನಿಯಂತ್ರಕರೂ ಉದ್ಯಮದವರೂ ಅನೇಕ ಸಂಶೋಧಕರೂ ಇದು ತೀರಾ ಬಿಗಿಯಾಯಿತು ಎಂದರು. ಎರಡೇ ವರ್ಷಗಳಲ್ಲಿ, 2002ರಲ್ಲಿ, ಸಂಘ ಒಂದು ಸ್ಪಷ್ಟೀಕರಣ ಸೇರಿಸಿ ಗಂಟನ್ನು ಸಡಿಲಿಸಿತು.

ಈಗಿನ ನಿಲುವು ಹೀಗಿದೆ. ರುಜುವಾತಾದ ಚಿಕಿತ್ಸೆ ಇಲ್ಲದಿದ್ದರೆ ಪ್ಲಸೀಬೊ ಬಳಸಬಹುದು. ಚಿಕಿತ್ಸೆ ಇದ್ದೂ ಬಳಸಬೇಕೆಂದರೆ ಎರಡು ಬಾಗಿಲು ದಾಟಬೇಕು: ವೈಜ್ಞಾನಿಕವಾಗಿ ಬೇರೆ ದಾರಿಯಿಲ್ಲ ಎಂಬುದಕ್ಕೆ ಗಟ್ಟಿ ಕಾರಣವಿರಬೇಕು, ಜೊತೆಗೆ, ಅತ್ಯುತ್ತಮ ಚಿಕಿತ್ಸೆ ತಪ್ಪಿದ್ದರಿಂದ ಆ ವ್ಯಕ್ತಿಗೆ ಗಂಭೀರವಾದ ಅಥವಾ ಮತ್ತೆ ಸರಿಪಡಿಸಲಾಗದ ಹಾನಿಯ ಹೆಚ್ಚುವರಿ ಅಪಾಯ ಇರಬಾರದು. ಈ ಅವಕಾಶ ದುರ್ಬಳಕೆಯಾಗದಂತೆ ಅತ್ಯಂತ ಎಚ್ಚರ ವಹಿಸಬೇಕೆಂದೂ ಘೋಷಣೆ ಹೇಳುತ್ತದೆ.

2002ರ ಮಾತಿನಲ್ಲಿ ಈ ಎರಡು ಬಾಗಿಲುಗಳ ನಡುವೆ "ಅಥವಾ" ಇತ್ತು: ವೈಜ್ಞಾನಿಕ ಕಾರಣ ಇದ್ದರೆ ಸಾಕು, ಅಥವಾ ಕಾಯಿಲೆ ಸಣ್ಣದಾಗಿದ್ದರೆ ಸಾಕು ಎಂದು ಓದಲು ಬರುತ್ತಿತ್ತು. ಅದು "ಮತ್ತು" ಆದದ್ದು ನಂತರದ ತಿದ್ದುಪಡಿಯಲ್ಲಿ. ಒಂದು ಪದದ ವ್ಯತ್ಯಾಸ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಚಿಕಿತ್ಸೆ ತಪ್ಪಿದವರ ಬದುಕು ಆ ಪದದ ಮೇಲೆ ನಿಂತಿತ್ತು.

"ಗಂಭೀರ ಹಾನಿ" ಎಂಬ ಗೆರೆ ಎಲ್ಲಿದೆ?

ಎರಡು ತುದಿಗಳು ಸುಲಭ. ನೆಗಡಿ, ಸಾಧಾರಣ ತಲೆನೋವು, ಕೂದಲು ಉದುರುವುದು: ಇವುಗಳಲ್ಲಿ ಕೆಲವು ವಾರ ಪ್ಲಸೀಬೊ ಪಡೆದವರಿಗೆ ಕಿರಿಕಿರಿಯಾದೀತು, ಹಾನಿಯಾಗದು. ಇನ್ನೊಂದು ತುದಿಯಲ್ಲಿ ಮೆದುಳುಪೊರೆಯ ಸೋಂಕಿಗೆ ಆ್ಯಂಟಿಬಯಾಟಿಕ್ ಬದಲು ಹುಸಿಮದ್ದು ಕೊಡುವುದನ್ನು ಯಾರೂ ಒಪ್ಪುವುದಿಲ್ಲ.

ಕಷ್ಟವಿರುವುದು ನಡುವೆ. ಖಿನ್ನತೆಯನ್ನೇ ತೆಗೆದುಕೊಳ್ಳಿ. ಈಗಾಗಲೇ ಔಷಧಗಳಿವೆ. ಆದರೆ ಖಿನ್ನತೆಯ ಪ್ರಯೋಗಗಳಲ್ಲಿ ಪ್ಲಸೀಬೊ ಪಡೆದವರೂ ಬಹಳಷ್ಟು ಸುಧಾರಿಸುತ್ತಾರೆ, ಚೆನ್ನಾಗಿ ಕೆಲಸ ಮಾಡುವ ಔಷಧವೂ ಅನೇಕ ಸಲ ಪ್ಲಸೀಬೊಗಿಂತ ಮೇಲೆಂದು ತೋರಿಸಿಕೊಳ್ಳಲಾಗದೆ ಸೋಲುತ್ತದೆ. ಹಾಗಾಗಿ ಪ್ಲಸೀಬೊ ಬೇಕು ಎಂಬ ವೈಜ್ಞಾನಿಕ ವಾದ ಬಲವಾಗಿದೆ. ಎದುರಿಗೆ ನಿಲ್ಲುವುದು ಆತ್ಮಹತ್ಯೆಯ ಭಯ. ನನ್ನ ನಿಲುವು: ಆತ್ಮಹತ್ಯೆಯ ಯೋಚನೆ ಇರುವವರನ್ನು ಸೇರಿಸಬಾರದು, ಅವಧಿ ಚಿಕ್ಕದಿರಬೇಕು, ಭೇಟಿಗಳು ಹತ್ತಿರಹತ್ತಿರ ಇರಬೇಕು, ಈಗ ತೆಗೆದುಕೊಳ್ಳುತ್ತಿರುವ ಔಷಧದಿಂದ ಚೆನ್ನಾಗಿರುವವರನ್ನು ಅದರಿಂದ ಬಿಡಿಸಿ ತರಬಾರದು. ರಕ್ತದೊತ್ತಡದ ವಿಷಯದಲ್ಲೂ ಅಷ್ಟೇ. ಸ್ವಲ್ಪ ಏರಿದ ಒತ್ತಡವಿರುವವರ ಮೇಲೆ ಕೆಲವು ವಾರಗಳ ಪ್ರಯೋಗಕ್ಕೂ ಪಾರ್ಶ್ವವಾಯುವಿನ ಅಂಚಿನಲ್ಲಿರುವವರ ಮೇಲೆ ವರ್ಷಗಟ್ಟಲೆ ನಡೆಸುವ ಪ್ರಯೋಗಕ್ಕೂ ಅಜಗಜಾಂತರ.

ಈಗಿರುವ ಔಷಧದ ಜೊತೆ ಹೋಲಿಸಿದರೆ ಸಾಲದೇ?

ಎಷ್ಟೋ ಸಲ ಸಾಕು. ರೋಗಿಗೂ ವೈದ್ಯರಿಗೂ ಬೇಕಾದ ಉತ್ತರವೇ ಅದು: ಹೊಸದು ಹಳೆಯದಕ್ಕಿಂತ ಮೇಲೋ? ಕೆನೆತ್ ರಾತ್‌ಮನ್ ಮತ್ತು ಕರಿನ್ ಮಿಶೆಲ್ಸ್ ಎಂಬ ಸಂಶೋಧಕರು 1994ರಲ್ಲಿ ಇದೇ ಮಾತನ್ನು ಖಾರವಾಗಿ ಬರೆದರು. ಪರಿಣಾಮಕಾರಿ ಚಿಕಿತ್ಸೆ ಇದ್ದೂ ಪ್ಲಸೀಬೊ ಬಳಸಿದ ಪ್ರಯೋಗಗಳನ್ನು ಹೆಸರಿಸಿ ಆಕ್ಷೇಪಿಸಿದರು.

ಎದುರು ವಾದಕ್ಕೂ ತೂಕವಿದೆ. ಹೊಸದೂ ಹಳೆಯದೂ ಒಂದೇ ಸಮ ಎಂದು ಫಲಿತಾಂಶ ಬಂತು ಎನ್ನಿ. ಎರಡೂ ಕೆಲಸ ಮಾಡಿದವು ಎಂದು ಅರ್ಥವೋ, ಈ ಪ್ರಯೋಗದಲ್ಲಿ ಎರಡೂ ಕೆಲಸ ಮಾಡಲಿಲ್ಲ ಎಂದೋ? ಪ್ರಯೋಗವನ್ನು ಕಾಟಾಚಾರಕ್ಕೆ ನಡೆಸಿದಷ್ಟೂ ಎಲ್ಲವೂ ಸಮವಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಪ್ಲಸೀಬೊ ಗುಂಪೊಂದಿದ್ದರೆ ಈ ಅನುಮಾನ ಉಳಿಯುವುದಿಲ್ಲ. ಖಿನ್ನತೆ, ನೋವು, ಅಲರ್ಜಿಗಳಂಥ ಏರಿಳಿತದ ತೊಂದರೆಗಳಲ್ಲಿ ಈ ವಾದವನ್ನು ನಾನು ಒಪ್ಪುತ್ತೇನೆ. ಕ್ಯಾನ್ಸರಿನಲ್ಲಿ, ಸೋಂಕುಗಳಲ್ಲಿ ಒಪ್ಪುವುದಿಲ್ಲ.

ಹೋಲಿಕೆ ಎಂದರೆ ಪ್ಲಸೀಬೊ ಇರಲೇಬೇಕು ಎಂದೂ ಇಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಆಧುನಿಕ ಪ್ರಯೋಗಗಳಿಗೆಲ್ಲ ಅದು ಮಾದರಿ. ಆ ಔಷಧವನ್ನು ಆರು ಗಂಟೆಗೊಮ್ಮೆ, ನಾಲ್ಕು ತಿಂಗಳ ಕಾಲ ಚುಚ್ಚಬೇಕಿತ್ತು. ಉಳಿದ ಅರ್ಧ ಜನಕ್ಕೆ ಅಷ್ಟೂ ಸಲ ಬರೀ ನೀರು ಚುಚ್ಚುವುದು ಬೇಡ ಎಂದು ತೀರ್ಮಾನಿಸಿ, ಆಗಿನ ಚಿಕಿತ್ಸೆಯಾಗಿದ್ದ ಹಾಸಿಗೆ ವಿಶ್ರಾಂತಿಯನ್ನಷ್ಟೇ ಕೊಟ್ಟರು. ಎಕ್ಸ್-ರೇ ನೋಡುವ ತಜ್ಞರಿಗೆ ಯಾವುದು ಯಾರದೆಂದು ಹೇಳಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡಿದ್ದರು. ಔಷಧ ಆಗ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ ಎಂಬುದೇ ಆ ಹಂಚಿಕೆಗಿದ್ದ ಸಮರ್ಥನೆ.

ಪ್ಲಸೀಬೊ ಬಳಸಿಯೂ ಹಾನಿ ತಗ್ಗಿಸಲು ದಾರಿಗಳಿವೆಯೇ?

ಬೇಕಾದಷ್ಟಿವೆ, ಅವುಗಳನ್ನು ಯೋಚಿಸದೆಯೇ ಬರುವ ಅರ್ಜಿಗಳನ್ನು ನಾವು ಹಿಂದಿರುಗಿಸುತ್ತೇವೆ. ಮುಖ್ಯವಾದದ್ದು, ಈಗಿನ ಚಿಕಿತ್ಸೆಯನ್ನು ಎಲ್ಲರಿಗೂ ಮುಂದುವರಿಸಿ ಅದರ ಮೇಲೆ ಹೊಸ ಔಷಧವನ್ನೋ ಪ್ಲಸೀಬೊವನ್ನೋ ಸೇರಿಸುವುದು. ಮೂರ್ಛೆರೋಗದ ಹೊಸ ಔಷಧಗಳನ್ನು ಹೆಚ್ಚಾಗಿ ಪರೀಕ್ಷಿಸುವುದು ಹೀಗೆಯೇ. ಕ್ಯಾನ್ಸರ್ ಪ್ರಯೋಗಗಳಲ್ಲೂ ಪ್ಲಸೀಬೊ ಇದ್ದರೆ ಸಾಮಾನ್ಯವಾಗಿ ಅದು ಮಾಮೂಲಿ ಚಿಕಿತ್ಸೆಯ ಜೊತೆಗೆ ಸೇರಿದ್ದೇ ಹೊರತು ಅದರ ಜಾಗದಲ್ಲಿ ಬಂದದ್ದಲ್ಲ. "ಕ್ಯಾನ್ಸರ್ ಇರುವವರಿಗೆ ಸಕ್ಕರೆ ಗುಳಿಗೆ ಕೊಟ್ಟು ಸುಮ್ಮನೆ ಕೂರಿಸುತ್ತಾರೆ" ಎಂಬ ಭಯ ಬಹುಪಾಲು ಈ ವಿಷಯ ತಿಳಿಯದೆ ಹುಟ್ಟಿದ್ದು.

ಉಬ್ಬಸದ ಪ್ರಯೋಗದಲ್ಲಿ ತಕ್ಷಣ ಉಸಿರಾಟ ಸರಾಗವಾಗಿಸುವ ಇನ್‌ಹೇಲರ್ ಎಲ್ಲರ ಕೈಯಲ್ಲೂ ಇರುತ್ತದೆ. ಯಾರು ಎಷ್ಟು ಸಲ ಬಳಸಿದರು ಎಂಬುದೇ ಒಂದು ಅಳತೆಯಾಗುತ್ತದೆ. ನೋವಿನ ಪ್ರಯೋಗದಲ್ಲಿ ತಡೆಯಲಾರದೆ ಹೋದರೆ ನೋವುನಿವಾರಕ ಕೇಳಿ ಪಡೆಯಬಹುದು. ಇಷ್ಟು ಹದಗೆಟ್ಟರೆ ಪ್ರಯೋಗದಿಂದ ಹೊರಗೆ ತಂದು ಚಿಕಿತ್ಸೆ ಕೊಡಬೇಕು ಎಂಬ ಮಿತಿಯನ್ನು ಮೊದಲೇ ಬರೆದಿಡಬಹುದು. ಮೂವರಲ್ಲಿ ಇಬ್ಬರಿಗೆ ಔಷಧ, ಒಬ್ಬರಿಗೆ ಮಾತ್ರ ಪ್ಲಸೀಬೊ ಎಂದು ಹಂಚಬಹುದು. ಇವೆಲ್ಲದರ ಮೇಲೆ, ಪ್ರಯೋಗ ನಡೆಸುವವರಿಗೆ ಸೇರದ ಸ್ವತಂತ್ರ ಸಮಿತಿಯೊಂದು ನಡುನಡುವೆ ಅಂಕಿಅಂಶ ತೆರೆದು ನೋಡುತ್ತಿರಬೇಕು. ಒಂದು ಗುಂಪು ಸ್ಪಷ್ಟವಾಗಿ ಹಿಂದೆ ಬೀಳುತ್ತಿದ್ದರೆ ನಿಲ್ಲಿಸಲು ಹೇಳುವ ಅಧಿಕಾರ ಅದಕ್ಕಿರುತ್ತದೆ.

ಔಷಧ ಹೇಗೂ ಸಿಗದ ಬಡದೇಶಗಳಲ್ಲಿ ಪ್ಲಸೀಬೊ ಕೊಟ್ಟರೆ ಯಾರಿಗೆ ನಷ್ಟ?

ಈ ಪ್ರಶ್ನೆಯನ್ನು ಒಳ್ಳೆಯವರೂ ಕೇಳುತ್ತಾರೆ, ಅದಕ್ಕೇ ಇದು ಅಪಾಯಕಾರಿ.

1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಪ್ರಯೋಗವೊಂದು ಎಚ್‌ಐವಿ ಇರುವ ಗರ್ಭಿಣಿಯರಿಗೆ ಎಝಡ್‌ಟಿ ಔಷಧ ಕೊಟ್ಟರೆ ಮಗುವಿಗೆ ಸೋಂಕು ತಗುಲುವುದು ಶೇ. 25.5ರಿಂದ ಶೇ. 8.3ಕ್ಕೆ ಇಳಿಯುತ್ತದೆಂದು ತೋರಿಸಿತು. ಆದರೆ ಆ ಕ್ರಮ ದುಬಾರಿ, ಉದ್ದ. ಹೆರಿಗೆಯ ಹೊತ್ತಿನಲ್ಲಿ ರಕ್ತನಾಳಕ್ಕೆ ಕೊಡಬೇಕು, ಮಗುವಿಗೂ ಆರು ವಾರ ಕೊಡಬೇಕು. ಬಡದೇಶಗಳಿಗೆ ಚಿಕ್ಕದಾದ, ಅಗ್ಗದ ಕ್ರಮ ಬೇಕಿತ್ತು. ಅದನ್ನು ಹುಡುಕಲು ಥಾಯ್ಲೆಂಡ್ ಮತ್ತು ಆಫ್ರಿಕಾದ ದೇಶಗಳಲ್ಲಿ ನಡೆದ ಹಲವು ಪ್ರಯೋಗಗಳಲ್ಲಿ ಒಂದು ಗುಂಪಿನ ತಾಯಂದಿರಿಗೆ ಪ್ಲಸೀಬೊ ಕೊಟ್ಟರು. ಪೀಟರ್ ಲೂರಿ ಮತ್ತು ಸಿಡ್ನಿ ವುಲ್ಫ್ ಎಂಬ ಅಮೆರಿಕದ ವೈದ್ಯರು 1997ರಲ್ಲಿ ಇದನ್ನು ಬಯಲಿಗೆಳೆದು, ಶ್ರೀಮಂತ ದೇಶದಲ್ಲಿ ಮಾಡಲಾಗದ್ದನ್ನು ಅಲ್ಲಿ ಮಾಡಲಾಗುತ್ತಿದೆ ಎಂದು ಆರೋಪಿಸಿದಾಗ ವೈದ್ಯಲೋಕ ಎರಡಾಗಿ ಸೀಳಿತು.

ಸಮರ್ಥಿಸಿದವರ ಮಾತು: ಆ ತಾಯಂದಿರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ, ಏನೂ ಇಲ್ಲದಿರುವುದಕ್ಕಿಂತ ಈ ಚಿಕ್ಕ ಕ್ರಮ ಮೇಲೋ ಎಂಬುದೇ ಅಲ್ಲಿನ ಸರ್ಕಾರಗಳಿಗೆ ಬೇಕಾದ ಉತ್ತರ, ಪ್ಲಸೀಬೊ ಇದ್ದರೆ ಉತ್ತರ ಬೇಗ ಸಿಗುತ್ತದೆ. ಉತ್ತರವೇನೋ ಸಿಕ್ಕಿತು. ಥಾಯ್ಲೆಂಡಿನ ಪ್ರಯೋಗದಲ್ಲಿ ಚಿಕ್ಕ ಕ್ರಮ ಸೋಂಕನ್ನು ಶೇ. 18.9ರಿಂದ ಶೇ. 9.4ಕ್ಕೆ ಇಳಿಸಿತು. 1998ರಲ್ಲಿ ಇದು ಪ್ರಕಟವಾದಮೇಲೆ ಉಳಿದ ಪ್ಲಸೀಬೊ ಗುಂಪುಗಳನ್ನು ನಿಲ್ಲಿಸಿದರು.

ಆದರೂ ನನಗೆ ಈ ಸಮರ್ಥನೆ ಒಪ್ಪಿಗೆಯಿಲ್ಲ. ಅದೇ ಥಾಯ್ಲೆಂಡಿನಲ್ಲಿ ಇನ್ನೊಂದು ತಂಡ ಪ್ಲಸೀಬೊ ಇಲ್ಲದೆ, ಉದ್ದದ ಕ್ರಮವನ್ನು ಚಿಕ್ಕ ಕ್ರಮಗಳ ಜೊತೆ ಹೋಲಿಸಿ ಪ್ರಯೋಗ ನಡೆಸಿತು, ಉಪಯುಕ್ತ ಉತ್ತರವನ್ನೂ ಪಡೆಯಿತು. ದಾರಿ ಇತ್ತು. "ಹೇಗೂ ಸಿಗುತ್ತಿರಲಿಲ್ಲ" ಎಂಬುದು ಪ್ರಕೃತಿ ನಿಯಮವೇನಲ್ಲ. ಬೆಲೆ ನಿಗದಿಮಾಡಿದವರು, ಹಣ ಹಂಚಿದವರು ಕೂಡಿ ಮಾಡಿದ ಸ್ಥಿತಿ. ಸಂಶೋಧಕರು ಊರಿಗೆ ಬಂದ ದಿನದಿಂದ ಔಷಧ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಹೆರಿಗೆ ಕೋಣೆಯಲ್ಲಿ ಮಲಗಿದ ತಾಯಿಯ ಮಗುವಿಗೆ, ನೀನು ಹುಟ್ಟಿದ ಜಾಗದಲ್ಲಿ ಇದೇ ರೂಢಿ ಎಂದು ಯಾವ ಮುಖವಿಟ್ಟುಕೊಂಡು ಹೇಳುವುದು?

ಟಸ್ಕೀಗಿ ಪ್ರಕರಣವೂ ಪ್ಲಸೀಬೊ ಪ್ರಯೋಗವೇ?

ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ಅಮೆರಿಕದ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು, ಕಾಯಿಲೆ ಇಲ್ಲದ 201 ಜನರ ಜೊತೆ ಹೋಲಿಸಿ ಸುಮ್ಮನೆ ಗಮನಿಸುತ್ತ ಬಂತು. ಯಾವ ಔಷಧದ ಪರೀಕ್ಷೆಯೂ ಅಲ್ಲಿ ನಡೆಯಲಿಲ್ಲ. ಆದರೆ ಆ ಗಂಡಸರಿಗೆ "ಕೆಟ್ಟ ರಕ್ತ"ಕ್ಕೆ ಚಿಕಿತ್ಸೆ ಎಂದು ಹೇಳಿ ಆಸ್ಪಿರಿನ್, ಟಾನಿಕ್ ಕೊಟ್ಟರು; ಬೆನ್ನುಹುರಿಯ ದ್ರವ ತೆಗೆಯುವ ನೋವಿನ ಪರೀಕ್ಷೆಯನ್ನು ವಿಶೇಷ ಉಚಿತ ಚಿಕಿತ್ಸೆ ಎಂದು ನಂಬಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅದನ್ನು ಸಿಗದಂತೆ ತಡೆದರು. ಮುಚ್ಚಿಟ್ಟದ್ದು, ಇದ್ದ ಚಿಕಿತ್ಸೆಯನ್ನು ತಪ್ಪಿಸಿದ್ದು: ಹುಸಿಮದ್ದು ಎಂದರೆ ಜನ ಹೆದರುವುದು ಈ ಎರಡಕ್ಕೆ. ಆ ಹೆದರಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವ ಸಂಶೋಧಕರ ಮೇಲೆ ನನಗೆ ಗೌರವ ಹುಟ್ಟುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲೂ ಹುಸಿ ಇರುತ್ತದೆಯೇ?

ಇರುತ್ತದೆ, ಎಲ್ಲಕ್ಕಿಂತ ಕಠಿಣ ಪ್ರಶ್ನೆ ಇದು. ಸಕ್ಕರೆ ಗುಳಿಗೆಯಿಂದ ಮೈಗೆ ಗಾಯವಾಗುವುದಿಲ್ಲ, ಕತ್ತಿಯಿಂದ ಆಗುತ್ತದೆ.

1950ರ ದಶಕದಲ್ಲಿ ಎದೆನೋವಿಗೆ ಎದೆಯೊಳಗಿನ ಒಂದು ರಕ್ತನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆ ಜನಪ್ರಿಯವಾಗಿತ್ತು. 1959ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 17 ರೋಗಿಗಳ ಪೈಕಿ ಕೆಲವರಿಗೆ ಚರ್ಮ ಕೊಯ್ದು, ನಾಳ ಕಟ್ಟದೆ ಹೊಲಿದರು. ಎರಡೂ ಗುಂಪುಗಳು ಒಂದೇ ಸಮ ಸುಧಾರಿಸಿದವು, ಆ ಶಸ್ತ್ರಚಿಕಿತ್ಸೆ ಮೂಲೆಗುಂಪಾಯಿತು. ಎಷ್ಟೋ ಜನ ವ್ಯರ್ಥ ಕೊಯ್ತದಿಂದ ಉಳಿದರು, ನಿಜ. ಆದರೆ ಬರೀ ಚರ್ಮ ಕೊಯ್ಯಬಹುದು ಎಂದು ಆ 17 ಜನರಿಗೆ ಯಾರೂ ಹೇಳಿರಲಿಲ್ಲ.

ಇದರ ಪಕ್ಕದಲ್ಲಿ 2002ರಲ್ಲಿ ಪ್ರಕಟವಾದ ಮಂಡಿಯ ಪ್ರಯೋಗವನ್ನು ಇಟ್ಟು ನೋಡಿ. ಮಂಡಿಸವೆತಕ್ಕೆ ಸಣ್ಣ ರಂಧ್ರದ ಮೂಲಕ ಕೀಲನ್ನು ತೊಳೆದು ಹೆರೆಯುವ ಶಸ್ತ್ರಚಿಕಿತ್ಸೆ ಆಗ ಬಹಳ ನಡೆಯುತ್ತಿತ್ತು. 180 ಜನರನ್ನು ಮೂರು ಗುಂಪು ಮಾಡಿದರು. ವೈದ್ಯರು ಲಕೋಟೆ ಒಡೆಯುತ್ತಿದ್ದುದು ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಹೋದ ಮೇಲೆ. ಹುಸಿ ಗುಂಪಿನವರಿಗೆ ಮಂಡಿಯ ಮೇಲೆ ಮೂರು ಸಣ್ಣ ಗಾಯ ಮಾಡಿ, ಉಪಕರಣ ಕೊಡಿ ಎಂದು ಎಂದಿನಂತೆ ಕೇಳಿ, ಕಾಲನ್ನು ಮಡಿಸಿ ಬಿಡಿಸಿ, ಕೀಲು ತೊಳೆಯುವ ಸದ್ದು ಬರಲೆಂದು ಉಪ್ಪುನೀರನ್ನು ಚಿಮುಕಿಸಿದರು. ಪೂರ್ಣ ಅರಿವಳಿಕೆಯ ಅಪಾಯ ಬೇಡವೆಂದು ಅವರಿಗೆ ಮಂಪರಿನ ಔಷಧವನ್ನಷ್ಟೇ ಕೊಟ್ಟರು. ಎರಡು ವರ್ಷ ನೋಡಿದರೂ ನಿಜವಾದ ಶಸ್ತ್ರಚಿಕಿತ್ಸೆ ಹುಸಿಗಿಂತ ಮೇಲೆಂದು ಕಾಣಲಿಲ್ಲ.

ನನಗೆ ಇದರಲ್ಲಿ ಮುಖ್ಯವೆನಿಸುವುದು ಫಲಿತಾಂಶಕ್ಕಿಂತ ಒಪ್ಪಿಗೆ ಪಡೆದ ರೀತಿ. ಸೇರುವ ಪ್ರತಿಯೊಬ್ಬರೂ ತಮ್ಮ ಕಡತದಲ್ಲಿ ಸ್ವಂತ ಕೈಬರಹದಲ್ಲಿ ಬರೆಯಬೇಕಿತ್ತು: ನನಗೆ ಹುಸಿ ಶಸ್ತ್ರಚಿಕಿತ್ಸೆ ಮಾತ್ರ ಆಗಬಹುದು, ಹಾಗಾದರೆ ನನ್ನ ಕೀಲಿಗೆ ಶಸ್ತ್ರಚಿಕಿತ್ಸೆಯೇ ಆಗಿರುವುದಿಲ್ಲ, ಅದರಿಂದ ನನ್ನ ಮಂಡಿಸವೆತಕ್ಕೆ ಪ್ರಯೋಜನವಿಲ್ಲ ಎಂದು. ಕೇಳಿದ 324 ಜನರಲ್ಲಿ 144 ಮಂದಿ ಬೇಡವೆಂದರು. ಶೇ. 44 ಜನ ಬೇಡವೆಂದಿದ್ದಾರೆ ಎಂದರೆ ಅವರಿಗೆ ಅರ್ಥವಾಗಿತ್ತು. ಎಲ್ಲರೂ ಮರುಮಾತಿಲ್ಲದೆ ಸಹಿ ಹಾಕಿದ ಪ್ರಯೋಗ ಕಂಡರೆ ನನಗೆ ಅನುಮಾನ ಬರುತ್ತದೆ.

ಗೆರೆ ಎಲ್ಲಿ? ಚರ್ಮದ ಮೇಲಿನ ಗಾಯಕ್ಕೆ ನಾನು ಕೈಯೆತ್ತಿಯೇನು. ಪಾರ್ಕಿನ್ಸನ್ಸ್ ಪ್ರಯೋಗವೊಂದರಲ್ಲಿ, 2001ರಲ್ಲಿ ಪ್ರಕಟವಾದದ್ದು, 40 ಜನರ ಪೈಕಿ ಅರ್ಧ ಜನರಿಗೆ ತಲೆಬುರುಡೆಯಲ್ಲಿ ರಂಧ್ರ ಕೊರೆದು ಮೆದುಳಿನ ಪೊರೆ ದಾಟದೆ ನಿಲ್ಲಿಸಿದರು. ಆ ಅರ್ಜಿ ನನ್ನ ಮುಂದೆ ಬಂದಿದ್ದರೆ ಏನು ಮಾಡುತ್ತಿದ್ದೆನೋ, ಇಂದಿಗೂ ಮನಸ್ಸು ಹೊಯ್ದಾಡುತ್ತದೆ.

ಲಸಿಕೆಯ ಪ್ರಯೋಗದಲ್ಲಿ ಪ್ಲಸೀಬೊ ಪಡೆದವರನ್ನು ಸೋಂಕಿಗೆ ಒಡ್ಡಿದಂತಲ್ಲವೇ?

ಬೇಕೆಂದು ಒಡ್ಡುವುದಿಲ್ಲ, ಲಸಿಕೆ ಇಲ್ಲದ ಎಲ್ಲರಂತೆಯೇ ಅವರೂ ಇರುತ್ತಾರೆ. ಲಸಿಕೆ ಕೆಲಸ ಮಾಡುತ್ತದೆ ಎಂದು ತಿಳಿದ ಗಳಿಗೆಯಿಂದ ಲೆಕ್ಕ ಬದಲಾಗುತ್ತದೆ. ಕೋವಿಡ್ ಕಾಲದಲ್ಲಿ ಇದು ನೇರವಾಗಿ ಎದುರಾಯಿತು. 2020ರ ಡಿಸೆಂಬರಿನಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಮೊದಲ ಲಸಿಕೆಗಳಿಗೆ ಅನುಮತಿ ಸಿಕ್ಕಿತು. ಪ್ಲಸೀಬೊ ಪಡೆದ ಸಾವಿರಾರು ಜನರನ್ನು ಹಾಗೆಯೇ ಉಳಿಸಿಕೊಂಡರೆ ರಕ್ಷಣೆ ಎಷ್ಟು ಕಾಲ ಉಳಿಯುತ್ತದೆ ಎಂಬ ಅಮೂಲ್ಯ ಮಾಹಿತಿ ಸಿಗುತ್ತಿತ್ತು. ಆದರೂ ಅವರಿಗೆ ವಿಷಯ ತಿಳಿಸಿ ಲಸಿಕೆ ಕೊಡಲಾಯಿತು. ಸರಿಯಾದ ನಿರ್ಧಾರ.

ಪ್ಲಸೀಬೊದಿಂದ ಅಡ್ಡಪರಿಣಾಮ ಆಗುವುದಿಲ್ಲವಲ್ಲ?

ಆಗುತ್ತದೆ. ಕೆಡುಕಾದೀತು ಎಂಬ ನಿರೀಕ್ಷೆಯಿಂದಲೇ ತಲೆನೋವು, ಸುಸ್ತು, ವಾಕರಿಕೆ ಬರುವುದುಂಟು. ಅದಕ್ಕೆ ನೊಸೀಬೊ ಎನ್ನುತ್ತಾರೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಅಡ್ಡಪರಿಣಾಮ ತಾಳಲಾರದೆ ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಒಂದು ವರ್ಷಕ್ಕೆ ಹನ್ನೆರಡು ಬಾಟಲಿ ಕೊಟ್ಟರು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ದಿನವೂ ಮೊಬೈಲಿನಲ್ಲಿ ತಮ್ಮ ತೊಂದರೆಗೆ ಅಂಕ ಕೊಡಬೇಕು. ಖಾಲಿ ತಿಂಗಳುಗಳಲ್ಲಿ ಸರಾಸರಿ 8, ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3, ಪ್ಲಸೀಬೊ ತಿಂಗಳುಗಳಲ್ಲಿ 15.4. ಅವರ ನೋವು ನಿಜವಾಗಿತ್ತು, ಅದರ ಮೂಲ ಮಾತ್ರ ಬಹುಪಾಲು ಔಷಧದಲ್ಲಿರಲಿಲ್ಲ. ತಮ್ಮ ಫಲಿತಾಂಶ ಕಂಡ ಮೇಲೆ ಅರ್ಧ ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು.

ನಮ್ಮ ವೈದ್ಯರು ಹೇಳದೆ ಪ್ಲಸೀಬೊ ಬರೆದುಕೊಡಬಹುದೇ?

ಕೊಡಬಾರದು. ಪ್ರಯೋಗದಲ್ಲಿ ನೀವು ತಿಳಿದು ಒಪ್ಪಿರುತ್ತೀರಿ. ಚಿಕಿತ್ಸಾ ಕೋಣೆಯಲ್ಲಿ ಒಪ್ಪಿರುವುದಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕರುಳಿನ ಕಿರಿಕಿರಿಯ ತೊಂದರೆಯಿದ್ದ 80 ಜನರ ಪೈಕಿ ಒಂದು ಗುಂಪಿಗೆ ಇದು ಪ್ಲಸೀಬೊ, ಇದರಲ್ಲಿ ಔಷಧವಿಲ್ಲ ಎಂದು ಹೇಳಿಯೇ ಕೊಟ್ಟರು. ಮೂರು ವಾರಗಳಲ್ಲಿ ಏನೂ ಪಡೆಯದವರಿಗಿಂತ ಅವರು ಹೆಚ್ಚು ಸುಧಾರಿಸಿದರು. ಸಣ್ಣ ಅಧ್ಯಯನ, ಚಿಕ್ಕ ಅವಧಿ. ಆದರೂ ಸುಳ್ಳು ಹೇಳದಿದ್ದರೆ ಪ್ಲಸೀಬೊ ಕೆಲಸ ಮಾಡದು ಎಂಬ ನೆಪ ಇದರಿಂದ ದುರ್ಬಲವಾಯಿತು.

ಸಮ್ಮತಿ ಪತ್ರದಲ್ಲಿ ಏನನ್ನು ನೋಡಬೇಕು?

"ಪ್ಲಸೀಬೊ" ಎಂಬ ಪದ ಎಷ್ಟನೆಯ ಪುಟದಲ್ಲಿದೆ ಎಂದು ಮೊದಲು ನೋಡಿ. ನಮ್ಮ ಸಮಿತಿಗೆ ಬಂದ ಒಂದು ಪತ್ರದಲ್ಲಿ ಅದು ಹದಿನಾಲ್ಕನೆಯ ಪುಟದಲ್ಲಿತ್ತು, "ತುಲನಾತ್ಮಕ ನಿಷ್ಕ್ರಿಯ ಸಂಯುಕ್ತ" ಎಂಬ ಮಾತಿನ ಪಕ್ಕದಲ್ಲಿ, ಒಂದೇ ಸಲ. ನಾನು ಅದನ್ನು ಗಟ್ಟಿಯಾಗಿ ಓದಿ, ಇದು ಯಾರಿಗೆ ಅರ್ಥವಾಯಿತು ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ತಿದ್ದಿ ಬಂದಾಗ ಮೊದಲ ಪುಟದ ಮೇಲ್ಭಾಗದಲ್ಲೇ ಹೀಗಿತ್ತು: "ಇಬ್ಬರಲ್ಲಿ ಒಬ್ಬರಿಗೆ ಔಷಧವಿಲ್ಲದ ಮಾತ್ರೆ ಸಿಗುತ್ತದೆ. ಅದು ನೀವೇ ಆಗಿರಬಹುದು."

ಆಮೇಲೆ ಕೇಳಿ: ಈ ಕಾಯಿಲೆಗೆ ಈಗ ಯಾವ ಚಿಕಿತ್ಸೆಯಿದೆ? ಪ್ರಯೋಗದಲ್ಲಿರುವಾಗ ಅದು ನನಗೆ ಸಿಗುತ್ತದೆಯೋ ಇಲ್ಲವೋ? ಎಷ್ಟು ದಿನ? ಹದಗೆಟ್ಟರೆ ರಾತ್ರಿ ಹನ್ನೆರಡಕ್ಕೆ ಯಾರಿಗೆ ಫೋನ್ ಮಾಡಲಿ? ಸೇರದಿದ್ದರೆ ಇದೇ ವೈದ್ಯರು ನನ್ನನ್ನು ಮೊದಲಿನಂತೆಯೇ ನೋಡುತ್ತಾರೆಯೇ? ಕೊನೆಯ ಪ್ರಶ್ನೆ ಕೇಳಲು ಸಂಕೋಚಪಡುವವರೇ ಹೆಚ್ಚು.

ಎಲ್ಲ ತಿಳಿಸಿದರೂ ಒಂದು ತಪ್ಪುಗ್ರಹಿಕೆ ಉಳಿದುಬಿಡುತ್ತದೆ. "ಇಬ್ಬರಲ್ಲಿ ಒಬ್ಬರಿಗೆ" ಎಂಬುದನ್ನು ಓದಿಯೂ, ನಮ್ಮ ಡಾಕ್ಟರು ನನಗೆ ಒಳ್ಳೆಯದನ್ನೇ ಆರಿಸಿರುತ್ತಾರೆ ಎಂದು ಜನ ಮನಸ್ಸಿನಲ್ಲಿ ನಂಬಿರುತ್ತಾರೆ. ಈ ಪ್ರವೃತ್ತಿಯನ್ನು ಸಂಶೋಧಕರು 1980ರ ದಶಕದಲ್ಲೇ ಗುರುತಿಸಿದ್ದಾರೆ. ಆ ನಂಬಿಕೆಯೇ ಸಹಿ ಹಾಕಿಸುತ್ತಿದೆ ಎಂದು ತಿಳಿದೂ ಸುಮ್ಮನಿರುವುದು ಸರಿಯಲ್ಲ. ಓದಿದ್ದನ್ನು ನಿಮ್ಮದೇ ಮಾತಿನಲ್ಲಿ ಹೇಳಿ ಎಂದು ಕೇಳಿ, ಉತ್ತರಕ್ಕೆ ಕಾಯಬೇಕು.

ಮಕ್ಕಳಿಗೆ ಕೊಡಬಹುದೇ?

ಗೆರೆ ಇನ್ನೂ ಬಿಗಿ. ತಂದೆತಾಯಿಯ ಒಪ್ಪಿಗೆ ಬೇಕು. ತಿಳಿಯುವ ವಯಸ್ಸಿನ ಮಗುವಾದರೆ ಅದರ ಒಪ್ಪಿಗೆಯೂ ಬೇಕು, ಅದು ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಬೇಕು.

ನಡುವೆ ಕಾಯಿಲೆ ಹೆಚ್ಚಾದರೆ, ಅಥವಾ ಬಿಟ್ಟುಬಿಡಬೇಕೆನಿಸಿದರೆ?

ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು. ತುರ್ತು ಬಂದರೆ ನಿಮಗೆ ಸಿಗುತ್ತಿರುವುದು ಏನೆಂದು ಕೂಡಲೇ ತೆರೆದು ನೋಡುವ ವ್ಯವಸ್ಥೆ ಹಗಲುರಾತ್ರಿ ಇರಲೇಬೇಕು.

ಪ್ರಯೋಗ ಮುಗಿದ ಮೇಲೆ ನನಗೆ ಸಿಕ್ಕಿದ್ದು ಯಾವುದೆಂದು ಹೇಳುತ್ತಾರೆಯೇ?

ಹೇಳಬೇಕು. ಹೇಳದಿರುವವರೂ ಇದ್ದಾರೆ. ಒಟ್ಟು ಫಲಿತಾಂಶ ತಿಳಿಯುವುದು ಪಾಲ್ಗೊಂಡವರ ಹಕ್ಕು ಎಂದು ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಸೋತ ಪ್ರಯೋಗದ ಫಲಿತಾಂಶವನ್ನೂ ಪ್ರಕಟಿಸಬೇಕೆಂದು ಹೇಳುತ್ತದೆ. ಔಷಧ ಗೆದ್ದರೆ ಪ್ಲಸೀಬೊ ಪಡೆದವರಿಗೆ ಅದು ಸಿಗುವ ಏರ್ಪಾಟನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದಿಡಬೇಕು, ಮುಗಿದ ಮೇಲೆ ನೋಡೋಣ ಎಂದರೆ ಆಗದು.

ಕೊನೆಯ ಭೇಟಿಯಲ್ಲಿ ಮಾತ್ರೆಯ ಡಬ್ಬಿಯನ್ನು ಹಿಂದಕ್ಕೆ ಪಡೆದು ಉಳಿದವನ್ನು ಎಣಿಸುತ್ತಾರೆ. ಎಣಿಸುತ್ತಿದ್ದ ದಾದಿಯ ಮುಂದೆ ಕುಳಿತ ಹಿರಿಯರೊಬ್ಬರು ಕೇಳಿದ್ದು ನೆನಪಿದೆ: "ಒಂದೂ ತಪ್ಪಿಸಿಲ್ಲಮ್ಮ, ಆರು ತಿಂಗಳು. ಅದು ಔಷಧವಾಗಿತ್ತೇ?" ದಾದಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿರಬಾರದು ಕೂಡ. ಆದರೆ ಉತ್ತರ ಯಾವಾಗ ಬರುತ್ತದೆ ಎಂಬುದೂ ಆಕೆಗೆ ಗೊತ್ತಿರಲಿಲ್ಲ, ಏಕೆಂದರೆ ಆ ಪ್ರಯೋಗದ ಕಾಗದಗಳಲ್ಲಿ ಅದಕ್ಕೊಂದು ಸಾಲೇ ಇರಲಿಲ್ಲ. ಒಪ್ಪಿಗೆ ಕೊಡುವಾಗ ನಾವೂ ಅದನ್ನು ಕೇಳಿರಲಿಲ್ಲ. ಈಗ ಪ್ರತಿ ಅರ್ಜಿಯಲ್ಲೂ ಆ ಸಾಲಿಗಾಗಿ ಹುಡುಕುತ್ತೇನೆ: ಪಾಲ್ಗೊಂಡ ಪ್ರತಿಯೊಬ್ಬರಿಗೂ ಅವರಿಗೆ ಸಿಕ್ಕಿದ್ದು ಏನೆಂದು, ಅವರು ಓದುವ ಭಾಷೆಯಲ್ಲಿ, ಇಂಥ ದಿನಾಂಕದೊಳಗೆ ಪತ್ರ ಬರೆಯಲಾಗುವುದು ಎಂಬ ಸಾಲು.